ಕಚೇರಿಯ ಅಂಗಳದಲ್ಲಿ ಕಚೇರಿ: ಬೇಕೇ, ಬೇಡವೇ?

ಪರ: ಗ್ರಾನೈಟ್ ಹಾಸಿದ್ದು ಸೆಕ್ಯುರಿಟಿಯವರ ವಾಕಿಂಗಿಗಲ್ಲ

ಬೆಂಗಳೂರಿನ ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆಯ ಗಾಜಿನ ಕಟ್ಟಡಗಳ ಮುಂದಿನ ಅಂಗಳದಲ್ಲಿ ಮಧ್ಯಾಹ್ನ ಒಂದಕ್ಕೆ ಏನಿರುತ್ತದೆ? ಬಿಸಿಲು, ಮತ್ತು ‘ಇಲ್ಲಿ ಕೂರಬೇಡಿ ಸಾರ್’. ಯುಬಿ ಸಿಟಿ ಮಾಲಿನಲ್ಲಿರುವಂಥ ಆಂಫಿಥಿಯೇಟರ್, ಅಂದರೆ ಮೆಟ್ಟಿಲಾಸನದ ಬಯಲು ರಂಗ, ಎಲ್ಲರಿಗೂ ಇಲ್ಲ, ನಿಜ. ಆದರೆ ಊಟದ ಬಿಡುವಿನ ನಲವತ್ತು ನಿಮಿಷದ ಉಚಿತ ಸಂಗೀತ ಕಛೇರಿಗೆ ಅದು ಬೇಕಾಗಿಯೂ ಇಲ್ಲ. ಎಂಟಡಿಗೆ ಹನ್ನೆರಡಡಿ ವೇದಿಕೆ, ಎರಡು ಕಾಲಮ್ ಸ್ಪೀಕರ್, ನಾಲ್ಕು ಮೈಕ್ ಸಾಕು: ಗಾಯನಕ್ಕೊಂದು, ಪಿಟೀಲಿಗೊಂದು, ಮೃದಂಗದ ಎರಡು ತಲೆಗೆ ಎರಡು.

ಕೆಡುವುದು ಎಲ್ಲಿ ಅಂದರೆ ಗಾಜಿನಲ್ಲಿ. ಎದುರಿನ ಗೋಡೆ 17 ಮೀಟರಿಗಿಂತ ದೂರವಿದ್ದರೆ ಸದ್ದು ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ. ತನಿ ಆವರ್ತನದ (ಮೃದಂಗವೊಂದೇ ನುಡಿಯುವ ಭಾಗದ) ಪ್ರತಿ ಪೆಟ್ಟೂ ಎರಡೆರಡು ಸಲ ಕೇಳುತ್ತದೆ. ಸ್ಪೀಕರನ್ನು ಗಾಜಿಗೆ ನೇರ ಮಾಡಬೇಡಿ. ಓರೆಯಾಗಿ, ಕೂತವರ ತಲೆ ಮಟ್ಟಕ್ಕೆ ಬಾಗಿಸಿ. ಮಿಕ್ಸರಿಗೂ ಸ್ಪೀಕರಿಗೂ ಒಂದೇ ಪಾಯಿಂಟಿನಿಂದ ಕರೆಂಟ್ ಎಳೆಯಿರಿ, ಇಲ್ಲದಿದ್ದರೆ ಕಛೇರಿಯುದ್ದಕ್ಕೂ ‘ಗುಂಯ್’ ಎನ್ನುವ ಇನ್ನೊಂದು ಶ್ರುತಿ. ಎಲ್ಲಕ್ಕಿಂತ ಮುಖ್ಯ, ನೆರಳು. ಎಸಿ ಲಾಬಿಯಲ್ಲಿ ಶ್ರುತಿ ಮಾಡಿದ ಮೃದಂಗ ಬಿಸಿಲಿಗೆ ಬಂದರೆ ಬಲತಲೆಯ ಶ್ರುತಿ ಏರುತ್ತದೆ. ಎಡತಲೆಗೆ ಮೆತ್ತಿದ ರವೆ ಗಾಳಿಗೆ ಒಣಗಿ ಬಿರುಕು ಬಿಡುತ್ತದೆ. ಆಮೇಲೆ ಗುಂಕಿ, ಅಂದರೆ ಎಡತಲೆಯ ತಗ್ಗಿನ ನಾದ, ಹೋಗಿ ಬರೀ ‘ಟಪ್ ಟಪ್’. ಶಾಮಿಯಾನ ಒಂದು ಗಂಟೆ ಮೊದಲೇ ಹಾಕಿ, ರವೆ ತೇವ ಮಾಡಲು ಪಕ್ಕದಲ್ಲಿ ಒಂದು ಬಟ್ಟಲು ನೀರಿಡಿ.

‘ಉಚಿತ ಅಂದರೆ ಕಲಾವಿದರಿಗೆ ನಾಮ’ ಎಂದು ಕೆಲವರು ಮರುಗುತ್ತಾರೆ. ಇವರೆಲ್ಲ ಗಣೇಶನ ಪೆಂಡಾಲಿಗೆ ಟಿಕೆಟ್ ಕೊಂಡು ಹೋಗುವವರೇ?

ವಿರೋಧ: ತಕರಾರು ಮೈಕಿನ ಮೇಲೆ

ಸಂಗೀತವನ್ನು ವಿರೋಧಿಸಿ ಬರೆಯುವುದು ಕಷ್ಟದ ಕೆಲಸ. ಹಾಗಾಗಿ ಕಾಗದಪತ್ರದಿಂದಲೇ ಶುರು ಮಾಡೋಣ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ವಲಯದ ಹಗಲಿನ ಮಿತಿ 65 ಡೆಸಿಬೆಲ್. ಧ್ವನಿವರ್ಧಕವಿದ್ದರೆ ಜಾಗದ ಗಡಿಯಲ್ಲಿ ಅಳೆದ ಮಿತಿ ಸಾರ್ವಜನಿಕ ಜಾಗಕ್ಕೆ 75, ಖಾಸಗಿ ಜಾಗಕ್ಕೆ 70. ಹಾಗಾದರೆ ಕಂಪನಿಯ ಅಂಗಳ ಯಾವುದು? ಜನ ಸೇರಿಸುವಾಗ ‘ಸಾರ್ವಜನಿಕ’, ಮಾರನೇ ದಿನ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದರೆ ‘ಖಾಸಗಿ’. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯವಾದರೆ ಈ ಲೆಕ್ಕವೂ ಇಲ್ಲ.

ಸಂಭಾವನೆಯ ಮಾತನ್ನು ಮೇಲಿನವರು ಗಣೇಶನ ಹೆಗಲಿಗೆ ಹಾಕಿ ಜಾರಿಕೊಂಡರು. ಶಾಮಿಯಾನಕ್ಕೆ ಬಾಡಿಗೆ, ಸ್ಪೀಕರಿಗೆ ಬಾಡಿಗೆ, ಪಿಟೀಲಿನವರಿಗೆ ಮಾತ್ರ ‘ಒಳ್ಳೆಯ ಪ್ರಚಾರ ಸಿಗುತ್ತೆ’. ದುಡ್ಡು ಕೊಡುವುದಾದರೆ ಈ ಆಕ್ಷೇಪ ವಾಪಸ್.

ಇನ್ನೊಂದು ಇದೆ, ಅದನ್ನು ವಾಪಸ್ ತೆಗೆದುಕೊಳ್ಳಲಾಗದು. ಎತ್ತರದ ಕಟ್ಟಡದ ಸುತ್ತ ಅಗ್ನಿಶಾಮಕ ವಾಹನಕ್ಕೆ 6 ಮೀಟರ್ ದಾರಿ ಬಿಟ್ಟಿರಬೇಕು. ಆ ಚೆಂದದ ಗ್ರಾನೈಟ್ ಎಷ್ಟೋ ಕಡೆ ಅದೇ ದಾರಿ. ಶಾಮಿಯಾನದ ಕಂಬ ನಿಲ್ಲುವುದೂ ಅಲ್ಲೇ, ಏಕೆಂದರೆ ನೆಲ ಸಮತಟ್ಟಾಗಿರುವುದು ಅಲ್ಲೇ.

ಕಂಬ, ಮೈಕ್ ಯಾವುದೂ ಇಲ್ಲದೆ ಮರದ ಕೆಳಗೆ ಕೂತು ವೀಣೆ ನುಡಿಸಿದರೆ ನನ್ನ ತಕರಾರಿಲ್ಲ. ಎಸಿ ಚಿಲ್ಲರ್ ಸದ್ದಿನಲ್ಲಿ ಅದು ಮೂರನೇ ಸಾಲಿಗೆ ಕೇಳಿಸುವುದಿಲ್ಲ, ಅಷ್ಟೇ.