ಮಲೆನಾಡಿನ ಮಳೆಗೆ ಯಾವ ಮಾಡೆಲ್?

ಹೊಸ ಕಾರು ಕೊಳ್ಳುವವರಿಗೆ ಸಲಹೆ ಕೊಡುವ ಒಂದು ಲೇಖನ ಓದಿದೆ. ಸ್ವಲ್ಪ ಜಾಸ್ತಿ ದುಡ್ಡಾದರೂ ಸನ್‌ರೂಫ್ (ಚಾವಣಿಯಲ್ಲಿ ತೆರೆಯುವ ಗಾಜು) ಇರುವ ಟಾಪ್ ಮಾಡೆಲ್ಲೇ ತಗೊಳ್ಳಿ ಅಂತ ಅದರಲ್ಲಿದೆ. ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ನಾನು ಹಾಗೆ ಹೇಳುವುದಿಲ್ಲ. ಮಳೆಗಾಲ ಪೂರ್ತಿ ಸನ್‌ರೂಫ್ ಮುಚ್ಚಿಯೇ ಇರುತ್ತದೆ. ಹಿಂದಿನ ಗಾಜಿಗೆ ವೈಪರ್, ಮಂಜು ಕರಗಿಸುವ ಡಿಫಾಗರ್ ಇದೆಯಾ, ಮೊದಲು ಅದನ್ನು ನೋಡಿ. ಕೆಸರು ಹಾರಿ ಆ ಗಾಜು ಮುಚ್ಚಿಹೋಗುತ್ತದೆ, ಒಳಗಿಂದ ಮಂಜು ಬೇರೆ. ರಿವರ್ಸ್ ತೆಗೆಯುವಾಗ ಏನೂ ಕಾಣದು. ಹಿಲ್ ಹೋಲ್ಡ್ ಅಂತೂ ಬೇಕೇ ಬೇಕು. ಆಗುಂಬೆ ಘಾಟಿ ಹತ್ತುವಾಗ ತಿರುವಿನಲ್ಲಿ ಎದುರಿಗೆ ಬಸ್ ಬಂತು, ನಿಲ್ಲಿಸಿದಿರಿ ಅನ್ನಿ. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ಕಾರು ಹಿಂದಕ್ಕೆ ಜಾರದ ಹಾಗೆ ಅದು ಹಿಡಿದುಕೊಳ್ಳುತ್ತದೆ. ಎಷ್ಟೋ ಕಾರುಗಳಲ್ಲಿ ಇವೆಲ್ಲ ನಡುವಿನ ಮಾಡೆಲ್‌ನಲ್ಲೇ ಸಿಗುತ್ತವೆ. ಬೆಲೆ ಹೋಲಿಸುವಾಗ ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಲೆಕ್ಕವನ್ನೇ ಕೇಳಿ. ಕಾರಿನ ಬೆಲೆ 10 ಲಕ್ಷ ದಾಟಿದರೆ ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆ ಶೇ 14ರಿಂದ 17ಕ್ಕೆ ಏರುತ್ತದೆ, ಅದರ ಮೇಲೆ ಸೆಸ್ಸೂ ಇದೆ.