ಸತ್ಯಾಂಶ: ಪಲ್ಸ್ ಆಕ್ಸಿಮೀಟರ್‌ಗೆ ಮೈಬಣ್ಣದ ಭೇದವಿಲ್ಲವೇ?

"ಯಂತ್ರಕ್ಕೆ ಮೈಬಣ್ಣ ತಿಳಿಯದು, ಆಕ್ಸಿಮೀಟರ್ ತೋರಿಸುವ ಸಂಖ್ಯೆ ಎಲ್ಲರಿಗೂ ಒಂದೇ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಇದು ನಿಜವಲ್ಲ.

ಈ ಸಾಧನವು ಬೆರಳಿನ ಮೂಲಕ ಸುಮಾರು 660 ನ್ಯಾನೋಮೀಟರ್‌ನ ಕೆಂಪು ಬೆಳಕನ್ನೂ 940 ನ್ಯಾನೋಮೀಟರ್‌ನ ಅವಕೆಂಪು ಬೆಳಕನ್ನೂ ಹಾಯಿಸಿ, ರಕ್ತವು ಎರಡನ್ನೂ ಎಷ್ಟೆಷ್ಟು ಹೀರಿಕೊಂಡಿತು ಎಂಬ ಅನುಪಾತವನ್ನು ರಕ್ತದಲ್ಲಿನ ಆಮ್ಲಜನಕದ ಶೇಕಡಾವಾರು ಸಂಖ್ಯೆಗೆ ಪರಿವರ್ತಿಸುತ್ತದೆ. ಆ ಪರಿವರ್ತನೆಯ ಆಧಾರವೆಂದರೆ ಸ್ವಯಂಸೇವಕರ ರಕ್ತಪರೀಕ್ಷೆಯಿಂದ ಮೊದಲೇ ಸಿದ್ಧಪಡಿಸಿದ ಕೋಷ್ಟಕ. ಅವರಲ್ಲಿ ಹೆಚ್ಚಿನವರು ತಿಳಿಬಣ್ಣದವರಾಗಿದ್ದರೆ, ಚರ್ಮಕ್ಕೆ ಬಣ್ಣ ಕೊಡುವ ಹಾಗೂ ಬೆಳಕನ್ನು ಹೀರುವ ಮೆಲನಿನ್‌ನ ಪ್ರಭಾವ ಲೆಕ್ಕಕ್ಕೆ ಸರಿಯಾಗಿ ಸೇರುವುದಿಲ್ಲ.

2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಪ್ರಮಾಣ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕಪ್ಪು ವರ್ಣೀಯ ರೋಗಿಗಳಲ್ಲಿ ಶೇ 11.7, ಬಿಳಿಯರಲ್ಲಿ ಶೇ 3.6. ಅಂದರೆ ನಿಜಕ್ಕೂ ಆಮ್ಲಜನಕ ಬೇಕಿದ್ದವರನ್ನೇ ಯಂತ್ರವು ಕ್ಷೇಮವೆಂದು ತೋರಿಸುತ್ತಿತ್ತು. ಯಾರ ದುರುದ್ದೇಶವೂ ಇಲ್ಲದೆ, ಪರೀಕ್ಷೆಯ ಗುಂಪಿನಲ್ಲಿ ಗಾಢವರ್ಣದವರು ಸಾಕಷ್ಟು ಇಲ್ಲದಿದ್ದುದರಿಂದಲೇ ಇಂಥ ಅನ್ಯಾಯ ನಡೆಯಬಲ್ಲದು ಎಂಬುದು ಗಂಭೀರ ಸಂಗತಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2013ರ ಮಾರ್ಗಸೂಚಿ ಕೇಳಿದ್ದು ಕನಿಷ್ಠ 2 ಮಂದಿ ಅಥವಾ ಶೇ 15ರಷ್ಟು ಗಾಢವರ್ಣದವರನ್ನು ಮಾತ್ರ. 2025ರ ಜನವರಿಯ ಕರಡು ಮಾರ್ಗಸೂಚಿ ಹೆಚ್ಚು ಮೈಬಣ್ಣಗಳ ಪರೀಕ್ಷೆಯನ್ನು ಬಯಸುತ್ತದೆ.

ಹಾಗೆಂದು ಮನೆಯಲ್ಲಿರುವ ಆಕ್ಸಿಮೀಟರನ್ನು ಎಸೆಯಬೇಕಿಲ್ಲ. ಒಂದೇ ಸಂಖ್ಯೆಗಿಂತ ಅದರ ಏರಿಳಿತವನ್ನು ಗಮನಿಸಿ. ಉಸಿರಾಟಕ್ಕೆ ತೊಂದರೆಯಾದರೆ ಸಂಖ್ಯೆ ಚೆನ್ನಾಗಿದ್ದರೂ ತಡಮಾಡದೆ ವೈದ್ಯರನ್ನು ಕಾಣಿ.