ಪೊಕ್ಕಾಳಿಗೆ ಸಿಕ್ಕಿದ್ದು ಕಗ್ಗಕ್ಕೂ ಸಿಗಲಿ

ಕೊಚ್ಚಿಯಲ್ಲಿ ನೆಲೆಸಿರುವ ಕುಮಟಾ ಕಡೆಯವನಿಗೆ ಇಲ್ಲಿನ ಪೊಕ್ಕಾಳಿ ಗದ್ದೆಗಳನ್ನು ಕಂಡಾಗ ಊರಿನ ಗಜನಿ, ಎಂದರೆ ಅಳಿವೆಯ ದಡದಲ್ಲಿ ಕಟ್ಟೆ ಕಟ್ಟಿ ಮಾಡಿದ ಗದ್ದೆ, ನೆನಪಾಗದೆ ಇರದು. ಅಘನಾಶಿನಿ ಅಳಿವೆಯ ಕಗ್ಗವೂ ಎರ್ನಾಕುಲಂ ಸೀಮೆಯ ಪೊಕ್ಕಾಳಿಯೂ ಉಪ್ಪುನೀರನ್ನು ತಾಳಿಕೊಳ್ಳುವ ಭತ್ತಗಳು. ಮುಂಗಾರು ಸುರಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಬಿತ್ತನೆ. ಕೊಯ್ಲು ಮುಗಿದ ಬಳಿಕ ಉಬ್ಬರದ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡರೆ ಸಿಗಡಿ. ಪೊಕ್ಕಾಳಿ ಕೊಯ್ಲನ್ನು ಹತ್ತಿರದಿಂದ ನೋಡಬೇಕು: ಹೆಂಗಸರು ಕೆಸರುನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಾರೆ, ಆಳೆತ್ತರದ ಹುಲ್ಲನ್ನು ಅಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಸಿಗಡಿಗೆ ಮೇವಾಗುತ್ತದೆ. ಸಿಗಡಿ ಬಿಟ್ಟುಹೋದದ್ದು ಮುಂದಿನ ಬೆಳೆಗೆ ಸಾರ. ಅಂಗಡಿಯ ಗೊಬ್ಬರವಾಗಲಿ ಕೀಟನಾಶಕವಾಗಲಿ ಬೇಕಿಲ್ಲ.

ಬೇಸಾಯ ಹೆಚ್ಚುಕಡಿಮೆ ಒಂದೇ. ಸರ್ಕಾರ ಅದನ್ನು ನೋಡುವ ಬಗೆ ಮಾತ್ರ ಬೇರೆ. ಕೇರಳ 2008ರಲ್ಲಿ ತಂದ ಕಾನೂನಿನ ಹೆಸರಿನಲ್ಲೇ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಜೊತೆಯಾಗಿವೆ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. 2020ರಲ್ಲಿ ಕೇರಳ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿ ರಾಯಧನ ಕೊಡಲು ಆರಂಭಿಸಿತು. ಮೊತ್ತ ಚಿಕ್ಕದು, ನಿಜ. ಕೊಚ್ಚಿಯ ಸುತ್ತಲಿನ ನಿವೇಶನದ ಬೆಲೆಯ ಮುಂದೆ ಅದು ಏನೂ ಅಲ್ಲ. ಆದರೂ ನೆರೆಯ ನೀರನ್ನು ಹಿಡಿದಿಟ್ಟು ಅಂತರ್ಜಲ ಕಾಯುವ ಗದ್ದೆಯಿಂದ ಊರಿಗೆಲ್ಲ ಲಾಭವಿದೆ, ಅದರ ಹೊರೆಯನ್ನು ರೈತನೊಬ್ಬನೇ ಹೊರಬೇಕಿಲ್ಲ ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ಆ ಒಪ್ಪಿಗೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಎಲ್ಲವೂ ಸರಿಯಿದೆ ಎನ್ನುತ್ತಿಲ್ಲ. 2018ರ ತಿದ್ದುಪಡಿ ಕಾನೂನನ್ನು ಸಡಿಲಗೊಳಿಸಿತು. ಪೊಕ್ಕಾಳಿ ಬೆಳೆಯುವ ನೆಲ ಕುಗ್ಗುತ್ತಲೇ ಇದೆ. ಭತ್ತ ಬಿಟ್ಟು ವರ್ಷವಿಡೀ ಸಿಗಡಿ ಸಾಕುವ ಆಸೆ ಇಲ್ಲಿಯೂ ಇದೆ.

ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆಗೆ ಸಲ್ಲಬೇಕಾದ ಮಾನ ಅದು. ಆದರೆ ಒಡೆದ ಗಜನಿ ಕಟ್ಟೆಗೆ ಮಣ್ಣು ಹಾಕಿಸಲು ಆ ಮಾನದಿಂದ ರೈತನ ಕೈಗೆ ಏನೂ ಬರುವುದಿಲ್ಲ. ಕಟ್ಟೆ ಒಡೆದರೆ ಒಬ್ಬನ ಗದ್ದೆಯಷ್ಟೇ ಹಾಳಾಗುವುದಿಲ್ಲ, ಉಪ್ಪುನೀರು ಇಡೀ ಬಯಲಿಗೆ ನುಗ್ಗುತ್ತದೆ. ಕೇರಳದ ರಾಯಧನದಂಥದ್ದನ್ನು ಕಗ್ಗ ಬೆಳೆಯುವವರಿಗೆ ಕೊಡುವುದು ನಮ್ಮ ರಾಜ್ಯಕ್ಕೆ ಭಾರವೇನಲ್ಲ. ಕಗ್ಗ ಬೆಳೆಯುವ ನೆಲ ಈಗ ಉಳಿದಿರುವುದೇ ಸ್ವಲ್ಪ.

ಕೇರಳದ ದಾರಿ ಸಾಲದೆ ಹೋಗುವುದು ಇಲ್ಲಿಂದ ಮುಂದೆ. ರಾಯಧನ ಸಲ್ಲುವುದು ಭೂಮಿಯ ಒಡೆಯನಿಗೆ. ಇಳಿತದ ಹೊತ್ತಿಗೆ ಹೊಳೆಗಿಳಿದು, ಮರಳು ಕೆದಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬುಟ್ಟಿ ತುಂಬಿಸುವ ಅಘನಾಶಿನಿಯ ಹೆಂಗಸರಿಗೆ ಯಾವ ಪಹಣಿಯಿದೆ? ಪೊಕ್ಕಾಳಿ ಸೀಮೆಯಲ್ಲಿ ಸಿಗಡಿಯ ಗುತ್ತಿಗೆ ಮುಗಿದಾಗ ಕೆಟ್ಟುಕಲಕ್ಕಲ್ ಎಂಬ ರೂಢಿಯಿದೆ: ಅಂದು ಊರಿನವರೆಲ್ಲ ಗದ್ದೆಗಿಳಿದು ಉಳಿದ ಮೀನು ಹಿಡಿಯಬಹುದು, ಒಡೆಯ ಬೇಡವೆನ್ನುವಂತಿಲ್ಲ. ನೆಲವಿಲ್ಲದವರಿಗೂ ನೀರಿನಲ್ಲಿ ಪಾಲಿದೆ ಎಂಬುದನ್ನು ಆ ಜನ ಯಾವ ಕಾನೂನಿಗೂ ಕಾಯದೆ ನಡೆಸಿಕೊಂಡು ಬಂದಿದ್ದಾರೆ.

ಅಘನಾಶಿನಿ ಕಡಲು ಸೇರುವಲ್ಲಿನ ತದಡಿಗೆ ಹಿಂದೆ ಬೃಹತ್ ವಿದ್ಯುತ್ ಸ್ಥಾವರದ ಯೋಜನೆ ಬಂದಿತ್ತು, ಬಂದರಿನದೂ ಬಂತು. ಇಂಥ ಯೋಜನೆಗಳ ಲೆಕ್ಕದಲ್ಲಿ ಎಕರೆ ಇರುತ್ತದೆ, ಪರಿಹಾರ ಇರುತ್ತದೆ. ಬಳಚಿನ ಬುಟ್ಟಿ ಮಾತ್ರ ಇರುವುದಿಲ್ಲ. ಹೊಳೆಯನ್ನೇ ನಂಬಿ ಬದುಕುವವರ ಹೆಸರನ್ನು ದಡದ ಗ್ರಾಮ ಪಂಚಾಯತಿಗಳು ಈಗಲೇ ದಾಖಲಿಸಲಿ. ಯಾರು, ಯಾವ ದಿಬ್ಬದಲ್ಲಿ, ಯಾವ ತಿಂಗಳುಗಳಲ್ಲಿ ಬಳಚು ತೆಗೆಯುತ್ತಾರೆ ಎಂಬುದೂ ಅದರಲ್ಲಿರಲಿ. ಅಳಿವೆಯ ನಿರ್ವಹಣೆಗೆಂದು ಸಮಿತಿ ರಚಿಸುವಾಗ ಅಧಿಕಾರಿಗಳ ಪಕ್ಕದಲ್ಲಿ ಆ ಹೆಂಗಸರಿಗೂ ಕುರ್ಚಿ ಹಾಕಲಿ.